ಸೋಮವಾರದ ಖಾಲಿ ಗಿರಣಿ

ಇಂಗಳೇಶ್ವರದ ಸೋಮನಿಂಗ ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವನು. ಈಗೀಗ ಈ ಸಂಗತಿಯನ್ನು ಅವನು ಯಾರಿಗೂ ಹೇಳುತ್ತಿರಲಿಲ್ಲ. ಹೇಳಬಾರದೆಂದಲ್ಲ, ಇನ್ನೂ ಹೇಳಿಸಿಕೊಳ್ಳಬೇಕಾದವರು ಊರಲ್ಲಿ ಯಾರೂ ಉಳಿದಿರಲಿಲ್ಲ. ಊರ ಅಗಸಿ ಬಾಗಿಲ ಪಕ್ಕದ ಹಿಟ್ಟಿನ ಗಿರಣಿ ಅವನದು. ತಲೆಯಿಂದ ಪಾದದವರೆಗೆ ಹಿಟ್ಟು ಬಳಿದುಕೊಂಡು, ಕಣ್ಣರೆಪ್ಪೆ ಸಹಿತ ಬೆಳ್ಳಗಾಗಿ, ಜೋಳದ ಬುಟ್ಟಿ ಹೊತ್ತು ಬಂದ ಹೆಣ್ಣುಮಕ್ಕಳಿಗೆ ಅವನು ದೇಶದ ಸಮಾಚಾರವನ್ನೆಲ್ಲ ತಿಳಿಸುತ್ತಿದ್ದ. ಇಂಜಿನ್ನಿನ ಸಪ್ಪಳದಲ್ಲಿ ಅದು ಯಾರ ಕಿವಿಗೂ ಬೀಳುತ್ತಿರಲಿಲ್ಲ. ಹೀಗಾಗಿ ಅವನ ಮಾತಿಗೆ ಇದುವರೆಗೆ ಯಾರೂ ಎದುರು ಹೇಳಿದ್ದಿಲ್ಲ. ಇದನ್ನು ಅವನು ಊರು ತನ್ನ ವಿದ್ಯೆಗೆ ಕೊಟ್ಟ ಮನ್ನಣೆ ಎಂದೇ ತಿಳಿದಿದ್ದ.

ಗಿರಣಿಯದು ಡೀಸಲ್ ಇಂಜಿನ್ನು. ಮಾಳಿಗೆಯ ಮೇಲೆ ಎದ್ದ ಹೊಗೆಕೊಳವೆ ಪುಕ್ ಪುಕ್ ಪುಕ್ ಎಂದರೆ ಊರಾಚೆಯ ಹೊಲದವರೆಗೂ ಕೇಳುತ್ತಿತ್ತು. ಹಗಲೆಲ್ಲ ಹೆಂಗಸರು ಹೊಲದಲ್ಲಿರುವುದರಿಂದ ಗಿರಣಿ ಶುರುವಾಗುವುದು ಸಂಜೆ ದೀಪ ಹಚ್ಚುವ ಹೊತ್ತಿಗೆ. ಬೀಗರು ಕೊಟ್ಟ ಕೈಗಡಿಯಾರ ನೋಡಿ, ಸರಿಯಾಗಿ ಆರೂವರೆಗೆ ಸೋಮನಿಂಗ ಹ್ಯಾಂಡಲ್ ತಿರುವುತ್ತಿದ್ದ. ಬಾಗೇವಾಡಿಯ ಬಸ್ಸು ತಪ್ಪಿದರೂ ಗಿರಣಿ ತಪ್ಪದು. ಸೋಮವಾರ ಮಾತ್ರ ರಜೆ. ಆ ಸೀಮೆಯಲ್ಲಿ ಸೋಮವಾರ ಯಾರೂ ಎತ್ತು ಹೂಡುವುದಿಲ್ಲ, ಅದು ಬಸವಣ್ಣನ ವಾರ. ಎತ್ತುಗಳಿಲ್ಲದ ಸೋಮನಿಂಗ ಆ ಮರ್ಯಾದೆಯನ್ನು ಇಂಜಿನ್ನಿಗೆ ಕೊಟ್ಟಿದ್ದ. ಸೋಮವಾರ ಅದರ ಮೈ ತೊಳೆದು, ಅರಿಸಿನದ ಭಂಡಾರ ಹಚ್ಚಿ, ಬೀಸುವ ಕಲ್ಲನ್ನು ಬಿಚ್ಚಿ ಉಳಿಯಿಂದ ಕುಟ್ಟುತ್ತ ಕೂರುತ್ತಿದ್ದ.

ಎಪ್ಪತ್ತನಾಲ್ಕನೇ ಇಸವಿಯ ಚಳಿಗಾಲದಲ್ಲಿ ಕುಟುಂಬ ಯೋಜನೆಯವರು ಬಣ್ಣದ ಡಬ್ಬಿ ಹಿಡಿದು ಊರಿಗೆ ಬಂದರು. ಗಿರಣಿಯ ಗೋಡೆ ಅವರ ಕಣ್ಣಿಗೆ ಬಿತ್ತು. ಬಿಟ್ಟಿ ಸುಣ್ಣ ಬಳಿಯುತ್ತಾರೆಂದ ಮೇಲೆ ಸೋಮನಿಂಗ ಯಾಕೆ ಬೇಡ ಎಂದಾನು? ಬಿಳಿ ಗೋಡೆಯ ಮೇಲೆ ತಲೆಕೆಳಗಾದ ಕೆಂಪು ತ್ರಿಕೋನ ಬಿಡಿಸಿ, ಅದರ ಕೆಳಗೆ ಮೊಳದುದ್ದದ ಅಕ್ಷರಗಳಲ್ಲಿ ಒಂದು ಸಾಲು ಬರೆದು ಹೋದರು. ಸಂಜೆ ಅವನ ತಾಯಿ ಶೆಟ್ಟೆವ್ವ ಸೆಗಣಿಬುಟ್ಟಿ ಹೊತ್ತು ಕುಳ್ಳು ತಟ್ಟಲು ಬಂದವಳು ಗೋಡೆಯ ಮುಂದೆ ನಿಂತಳು.

"ಏನ್ ಬರದಾರೋ ಸೋಮ್ಯಾ?"

"ಎರಡು ಅಥವಾ ಮೂರು ಮಕ್ಕಳು ಸಾಕು ಅಂತ ಬರದಾರವ್ವಾ. ಸರಕಾರದವ್ರು. ಪುಕಟ ಸುಣ್ಣ ಹಚ್ಚಿಕೊಟ್ರು."

"ಏ ಮಬ್ಬಾ! ಕಾಳು ಬೀಸೂ ಜಾಗಾದಾಗ ಆ ಮಾತು ಬರಸ್ತಿಯೇನೋ?"

ಶೆಟ್ಟೆವ್ವನ ಮನೆಯಲ್ಲಿ 'ಸಾಕು', 'ತೀರಿತು', 'ಇಲ್ಲ' ಎಂಬ ಮಾತುಗಳನ್ನು ಯಾರೂ ಆಡುವಂತಿರಲಿಲ್ಲ. ಜೋಳದ ಗಡಿಗೆ ಬರಿದಾದರೆ 'ತುಂಬೇತಿ' ಎನ್ನಬೇಕು. ದೀಪ ಆರಿಸುವಾಗ 'ದೊಡ್ಡದು ಮಾಡು' ಎನ್ನಬೇಕು. ಮಕ್ಕಳ ಮಾತಿನಲ್ಲಂತೂ ಮನೆಯ ಹಿರಿಯಳು 'ಸಾಕು' ಎಂದು ಬಾಯಿ ಬಿಟ್ಟರೆ ಇದ್ದ ಮಕ್ಕಳಿಗೇ ಕೇಡು. ಒಂಬತ್ತು ಹೆತ್ತು ನಾಲ್ಕನ್ನು ಉಳಿಸಿಕೊಂಡ ಶೆಟ್ಟೆವ್ವನಿಗೆ ಇದರಲ್ಲಿ ತಮಾಷೆ ಇರಲಿಲ್ಲ. ಅವಳು ಒಂದು ಹಿಡಿ ಸೆಗಣಿ ತೆಗೆದು ಗೋಡೆಯ ಮೇಲಿನ 'ಸಾಕು' ಮುಚ್ಚಿಹೋಗುವಂತೆ ಪಟ್ಟನೆ ತಟ್ಟಿದಳು.

ಅಕ್ಷರ ಬಾರದವಳು ಸರಿಯಾದ ಅಕ್ಷರದ ಮೇಲೇ ಹೇಗೆ ತಟ್ಟಿದಳೆಂದು ಸೋಮನಿಂಗನಿಗೆ ಅಚ್ಚರಿಯಾಯಿತು.

"ಕಡೀ ಮಾತು ಕಡೀಕೇ ಇರ್ತೈತಲ್ಲೋ," ಎಂದಳು ಶೆಟ್ಟೆವ್ವ.

ಗೋಡೆಯ ಮೇಲಿನ ಉಳಿದ ಕುಳ್ಳುಗಳನ್ನು ಒಣಗಿದಂತೆಲ್ಲ ಕಿತ್ತು ಒಲೆಗೆ ಹಾಕಿದಳು. ಆ ಒಂದನ್ನು ಮಾತ್ರ ಮುಟ್ಟಲಿಲ್ಲ. ತಿಂಗಳುಗಟ್ಟಲೆ ಸರಕಾರದ ಗೋಡೆ ಊರಿಗೆ 'ಎರಡು ಅಥವಾ ಮೂರು ಮಕ್ಕಳು' ಎಂದಷ್ಟೇ ಹೇಳಿ, ಬಾಯಿಗೆ ಕುಳ್ಳು ತುರುಕಿಸಿಕೊಂಡು ಸುಮ್ಮನೆ ನಿಂತಿತ್ತು.

ಇನ್ನು ಸೋಮನಿಂಗನ ಹೆಂಡತಿ ರೇವವ್ವನ ಮಾತು. ಅವಳಿಗೆ ಮೂರು ಹೆಣ್ಣುಮಕ್ಕಳು. ಮೂರನೆಯದನ್ನು ಹೆತ್ತಾಗ ರಕ್ತ ನಿಲ್ಲದೆ, ಚಕ್ಕಡಿಯಲ್ಲಿ ಮಲಗಿಸಿ ಬಾಗೇವಾಡಿಗೆ ಒಯ್ದಿದ್ದರು. ಎಂಟು ದಿನಗಳ ಮೇಲೆ ಲೇಡಿ ಡಾಕ್ಟರು ಸೋಮನಿಂಗನನ್ನು ಪಕ್ಕಕ್ಕೆ ಕರೆದು, ಇನ್ನೆರಡು ಮೂರು ವರ್ಷದೊಳಗೆ ಮತ್ತೊಂದಾದರೆ ಈಕೆ ಉಳಿಯುವುದಿಲ್ಲ, ಈಗಿನ ಮೈಯಲ್ಲಿ ಆಪರೇಷನ್ನನ್ನೂ ತಡೆಯುವುದಿಲ್ಲ ಎಂದು ನೇರವಾಗಿ ಹೇಳಿದ್ದರು. ಸೋಮನಿಂಗ ಆ ಮಾತನ್ನು ರೇವವ್ವನಿಗೆ ಹೇಳಿದ, ತಾಯಿಗೆ ಹೇಳಲಿಲ್ಲ. ತಾಯಿ ದಿನಬೆಳಗಾದರೆ ಮನೆದೇವರು ಅಮೋಘಸಿದ್ಧನ ಮುಂದೆ ನಿಂತು ಮೊಮ್ಮಗನನ್ನು ಬೇಡುವವಳು. ಅವಳಿಗೆ ಗೊತ್ತಾದರೆ ಏನೇನಾದೀತೋ ಎಂದು ಅವನಿಗೆ ಅಂಜಿಕೆ. ಹೆಂಡತಿ ಎಂದರೆ ಅವನಿಗೆ ಜೀವ. ಇದನ್ನೂ ಅವನು ಇಂಜಿನ್ನು ನಡೆಯುವಾಗ ಮಾತ್ರ ಹೇಳುತ್ತಿದ್ದುದರಿಂದ ಅವಳಿಗೂ ಕೇಳಿಸಿರಲಿಲ್ಲ.

ದಾರಿ ತೋರಿಸಿದವಳು ಪೀರಬಿ. ಸುತ್ತಿನ ನಾಲ್ಕು ಹಳ್ಳಿಗಳಿಗೆ ಅವಳೊಬ್ಬಳೇ ನರ್ಸಬಾಯಿ.

"ಹೊಸಾ ಗುಳಿಗಿ ಬಂದಾವ್ರಿ ಅಣ್ಣಾರ," ಎಂದು ಅವಳು ಚೀಲದಿಂದ ಒಂದು ಪೊಟ್ಟಣ ತೆಗೆದಳು. ಮೇಲೆ ಅದೇ ಕೆಂಪು ತ್ರಿಕೋನ. ಒಳಗಿನ ಹಾಳೆಯಲ್ಲಿ ಇಪ್ಪತ್ತೊಂದು ಬಿಳಿ ಗುಳಿಗೆ, ಏಳು ಕಂದು ಗುಳಿಗೆ. "ಬಿಳೀವು ಬಸರು ನಿಂದ್ರಲಾರದಂಗ ನೋಡ್ಕೋತಾವ. ಈ ಏಳು ಬರೇ ಕಬ್ಬಿಣದ್ದು, ರಕ್ತಕ್ಕ ಚಲೋ. ದಿನಾ ಒಂದು, ಒಂದೇ ಹೊತ್ತಿಗೆ. ತಪ್ಪಿಸಿ ಆಮ್ಯಾಲ ನನ್ನ ಬೈಯಬ್ಯಾಡ್ರಿ."

ಮನೆಯಲ್ಲಿ ಗಡಿಯಾರವಿಲ್ಲ. ಇದ್ದ ಒಂದು ಸೋಮನಿಂಗನ ಮಣಿಕಟ್ಟಿನಲ್ಲಿ. ಉಪಾಯ ಹೊಳೆದದ್ದು ರೇವವ್ವನಿಗೆ.

"ನೀವು ಗಿರಣಿ ಚಾಲೂ ಮಾಡ್ರಿ. ಪುಕ್ ಅಂದಕೂಡ್ಲೆ ನಾ ನುಂಗ್ತೇನಿ."

"ಸೋಮವಾರ?"

"ಸೋಮವಾರ ನೀವು ಮನೀಗಿ ಬಂದು ಬಾಗಿಲದಾಗ ನಿಂತು ಕೆಮ್ಮರಿ."

ಹೀಗೆ ವಾರಕ್ಕೆ ಆರು ದಿನ ಇಂಜಿನ್ನು, ಒಂದು ದಿನ ಯಜಮಾನ. ಹದಿನೈದು ದಿನ ಸಾಂಗವಾಗಿ ನಡೆಯಿತು. ಹದಿನಾರನೆಯ ದಿನ, ಗಿರಣಿ ಪುಕ್ ಎಂದೊಡನೆ ಸೊಸೆ ಗೂಟಕ್ಕೆ ತೂಗುಹಾಕಿದ್ದ ಗಂಡನ ಕೋಟಿನ ಕಿಸೆಗೆ ಕೈಹಾಕಿ ಏನನ್ನೋ ಬಾಯಿಗೆ ಒಗೆದುಕೊಂಡದ್ದನ್ನು ಶೆಟ್ಟೆವ್ವ ನೋಡಿದಳು.

"ಏನವಾ ಅದು?"

"ನಿಮ್ಮ ಮಗನ್ನ ಕೇಳ್ರಿ ಅತ್ತಿ," ಎಂದಳು ರೇವವ್ವ. "ಮುಲ್ಕಿ ಪಾಸಾದಾವ್ರು ಅವ್ರು."

ಸೋಮನಿಂಗ ಮನೆಗೆ ಬಂದಾಗ ಪೊಟ್ಟಣ ತಾಯಿಯ ಕೈಯಲ್ಲಿತ್ತು. ತಲೆನೋವಿನ ಗುಳಿಗೆ ಎನ್ನಬಹುದಿತ್ತು, ಜ್ವರದ್ದು ಎನ್ನಬಹುದಿತ್ತು, ಹೊಟ್ಟೆಹುಳದ್ದು ಎಂದಿದ್ದರೂ ನಡೆಯುತ್ತಿತ್ತು. ಆದರೆ ಎದುರಿಗೆ ತಾಯಿ ಹಾಗೆ ದಿಟ್ಟಿಸುತ್ತ ನಿಂತಾಗ ಬಾಯಿ ಬುದ್ಧಿಯನ್ನು ಕೇಳದೆ ಮುಂದೆ ಹೋಯಿತು.

"ಗಂಡು ಹುಟ್ಟಾಕವ್ವಾ!"

ಶೆಟ್ಟೆವ್ವ ಪೊಟ್ಟಣವನ್ನು ಹಿಂದೆ ಮುಂದೆ ತಿರುವಿ ನೋಡಿದಳು. ಮೇಲಿನ ಚಿತ್ರವನ್ನು ಹೆಬ್ಬೆರಳಿನಿಂದ ಮೆಲ್ಲಗೆ ಸವರಿದಳು.

"ಮತ್ತ ಈ ಕಂದುಬಣ್ಣದವು?"

"ಬಿಳೀವು ಗಂಡಾಗಾಕ. ಇವು ಅಂವ ಗಟ್ಟಿ ಆಗಾಕ."

"ಎಷ್ಟು ದಿವಸಕ್ಕ ಆಕ್ಕೈತಿ?"

"ಎರಡು ವರ್ಷ ಹಿಡೀತೈತಿ. ಮೂರೂ ಆಗಬಹುದು. ಸರಕಾರದ ಕೆಲಸ ನೋಡವ್ವಾ, ಯಾವುದು ಲಗೂನ ಆಗೇತಿ?"

"ಅದೂ ಖರೇನ," ಎಂದು ಶೆಟ್ಟೆವ್ವ ಪೊಟ್ಟಣವನ್ನು ದೇವರ ಜಗುಲಿಗೆ ಒಯ್ದು ಇಟ್ಟು, ಅದಕ್ಕೊಂದು ಚಿಟಿಕೆ ಭಂಡಾರ ಹಚ್ಚಿದಳು.

ಮರುದಿನದಿಂದ ಗುಳಿಗೆಯ ಕಾರಭಾರ ಅತ್ತೆಯ ಕೈಗೆ ಹೋಯಿತು. ದೀಪ ಹಚ್ಚುವ ಮೊದಲೇ ಸೊಸೆಯನ್ನು ಜಗುಲಿಯ ಮುಂದೆ ಕೂರಿಸುವುದು, ಚರಿಗೆಯಲ್ಲಿ ನೀರು, ಅಂಗೈಯಲ್ಲಿ ಗುಳಿಗೆ, ಕಿವಿ ಗಿರಣಿಯ ಕಡೆ. ಪುಕ್! "ಹೂಂ, ನುಂಗು!" ನುಂಗಿದ ಮೇಲೆ ಬಾಯಿ ತೆರೆಸಿ ನಾಲಗೆಯ ಕೆಳಗೂ ನೋಡುವುದು. ಮಕ್ಕಳಾಗದಂತೆ ತಡೆಯುವ ಔಷಧವನ್ನು ಇಷ್ಟು ನಿಷ್ಠೆಯಿಂದ ಸೊಸೆಗೆ ನುಂಗಿಸಿದ ಅತ್ತೆ ಇಡೀ ಜಿಲ್ಲೆಯಲ್ಲಿ ಇನ್ನೊಬ್ಬಳಿರಲಾರಳು. ಸೋಮನಿಂಗನಿಗೆ ಒಂದು ಕಡೆ ಸಮಾಧಾನ, ಇನ್ನೊಂದು ಕಡೆ ಸುಳ್ಳು ಬಯಲಾದೀತೆಂಬ ಅಂಜಿಕೆ.

ಶೆಟ್ಟೆವ್ವ ಇದನ್ನು ಪಕ್ಕದ ಮನೆಯ ಕಾಶಿಬಾಯಿಗೆ ಹೇಳಿದಳು. ಕಾಶಿಬಾಯಿಯ ಮಗ ಗುರಪ್ಪನದು ಗಿರಣಿಯ ಎದುರಿಗೇ ಚಹಾದಂಗಡಿ. ಅವನ ಹೆಂಡತಿ ಚನ್ನವ್ವನಿಗೆ ಸಾಲಾಗಿ ನಾಲ್ಕು ಹೆಣ್ಣು.

"ನಮ್ಮ ಚನ್ನವ್ವಗೂ ಕೊಡಸು ಯಕ್ಕಾ," ಎಂದಳು ಕಾಶಿಬಾಯಿ. ಅಷ್ಟೇ. ಎಂಟು ದಿನದೊಳಗೆ ಓಣಿಯ ಅತ್ತೆಯರೆಲ್ಲ ತಮ್ಮ ತಮ್ಮ ಸೊಸೆಯರನ್ನು ಮುಂದೆ ಮಾಡಿಕೊಂಡು ಗಿರಣಿಗೆ ಬಂದರು. ಯಾರ ತಲೆಯ ಮೇಲೂ ಜೋಳದ ಬುಟ್ಟಿ ಇರಲಿಲ್ಲ.

ಸೋಮನಿಂಗ, ಅವರ ಬೆನ್ನಿಗೇ ಬಂದಿದ್ದ ಪೀರಬಿಯನ್ನು ಗಿರಣಿಯ ಹಿಂದುಗಡೆ ಕರೆದು ಕೈಮುಗಿದ.

"ಬಾಯಾರ, ಇವ್ರು ತಪ್ಪು ತಿಳಕೊಂಡು ಬಂದಾರ್ರಿ. ಹ್ಯಾಂಗರ ಮಾಡಿ ಹಿಂದ ಕಳಸ್ರಿ."

ವರ್ಷದಿಂದ ರೇವವ್ವನ ಹೆಸರೊಂದನ್ನು ಬಿಟ್ಟು ಖಾಲಿ ಬಿದ್ದಿದ್ದ ತನ್ನ ಕುಟುಂಬ ಯೋಜನೆಯ ರಿಜಿಸ್ಟರನ್ನು ಪೀರಬಿ ಎದೆಗವಚಿಕೊಂಡಳು. "ನೀವು ಇಂಜಿನ್ ಚಾಲೂ ಮಾಡ್ರಿ ಅಣ್ಣಾರ. ಹೆಣ್ಣಮಕ್ಕಳ ಮಾತು ನಮಗ ಬಿಡ್ರಿ."

ಅವಳು ಹಿಟ್ಟಿನ ಚೀಲಗಳ ಕೋಣೆಯಲ್ಲಿ ಕುಳಿತು ಸೊಸೆಯರನ್ನು ಒಬ್ಬೊಬ್ಬರನ್ನಾಗಿ ಕರೆದು, ಬಾಗಿಲು ಮುಚ್ಚಿ ಮಾತಾಡಿದಳು. ನಾಡಿ ನೋಡಿದಳು, ಕಣ್ಣು ಬಿಡಿಸಿ ನೋಡಿದಳು, ಇಬ್ಬರನ್ನು ನಿಮಗೆ ಒಗ್ಗುವುದಿಲ್ಲವೆಂದು ತಿರುಗಿ ಕಳಿಸಿದಳು. ಇಂಜಿನ್ನಿನ ಅಬ್ಬರದಲ್ಲಿ ಒಳಗೆ ಏನು ಮಾತಾಯಿತೆಂಬುದು ಹೊರಗಿದ್ದ ಅತ್ತೆಯರಿಗೂ ಕೇಳಿಸಲಿಲ್ಲ, ಸೋಮನಿಂಗನಿಗೂ ಕೇಳಿಸಲಿಲ್ಲ. ಹೊರಬಂದ ಹನ್ನೊಂದು ಸೊಸೆಯರ ಸೆರಗಿನಲ್ಲಿ ಹನ್ನೊಂದು ಪೊಟ್ಟಣ. ಎಲ್ಲರೂ ತಲೆ ತಗ್ಗಿಸಿಕೊಂಡು ಹೋದರು. ಪಾಪ, ಗಂಡು ಹಡೆಯುವ ನಾಚಿಕೆ ಎಂದುಕೊಂಡ ಸೋಮನಿಂಗ.

ಆ ಮೇಲೆ ಅವನಿಗೆ ನಿದ್ದೆ ಸರಿಬರಲಿಲ್ಲ. ಒಬ್ಬ ಹೆಂಡತಿಯನ್ನು ಉಳಿಸಿಕೊಳ್ಳಲು ಹೋಗಿ ಓಣಿಯ ವಂಶವನ್ನೆಲ್ಲ ಬೀಸಿ ಹಿಟ್ಟು ಮಾಡಿದೆನಲ್ಲ ಎಂಬ ಕೊರಗು. ರೇವವ್ವನ ಮುಂದೆ ಹೇಳಿಕೊಂಡರೆ ಅವಳು ರೊಟ್ಟಿ ಬಡಿಯುತ್ತಲೇ, "ನೀವು ಗಿರಣಿ ನೋಡ್ಕೋರಿ. ನಿಮ್ಮ ಬಾಯಿನೂ ಗಿರಣಿ ಇದ್ದಂಗ ಐತಿ, ಮ್ಯಾಲ ಏನ್ ಹಾಕಿದ್ರೂ ಕೆಳಗ ಬೀಳ್ತೈತಿ," ಎಂದಳು. ಇದು ಉತ್ತರವೋ ಬೈಗುಳವೋ ಅವನಿಗೆ ಬಗೆಹರಿಯಲಿಲ್ಲ.

ಸಾಲದ್ದಕ್ಕೆ ಗುರಪ್ಪ ಒಂದು ದಿನ ತೆಂಗಿನಕಾಯಿ, ಸಕ್ಕರೆ ಪೊಟ್ಟಣ ಹಿಡಿದು ಬಂದು ಗಿರಣಿಯ ಹೊಸ್ತಿಲಿಗೆ ನಮಸ್ಕಾರ ಮಾಡಿದ.

"ಸೋಮಣ್ಣಾ, ನಿನ್ನ ಉಪಕಾರ ಏಳು ಜನ್ಮಕ್ಕೂ ಮರಿಯೂದಿಲ್ಲ. ಹೆಸರೂ ಗೊತ್ತು ಮಾಡೇನಿ. ಅಮೋಘಸಿದ್ಧ."

"ಇನ್ನೂ... ಲಗೂ ಆತಲ್ಲೋ ಗುರಪ್ಪಾ."

"ತೊಟ್ಟಿಲಾ ಮಾಡಾಕೂ ಹೇಳೇನಿ. ಬಡಿಗ್ಯಾ ಹೊತ್ತು ಮಾಡ್ತಾನ, ಅದಕ್ಕ ಮೊದಲ ಹೇಳೀನಿ."

ಸೋಮನಿಂಗ ತೆಂಗಿನಕಾಯಿಯನ್ನು ಕೈಯಲ್ಲಿ ಹಿಡಿದು, ಹಾವು ಹಿಡಿದವನಂತೆ ನಿಂತ.

ಇಷ್ಟರಲ್ಲಿ ಸೋಮವಾರದ ತೊಡಕು ಎದ್ದಿತು. ಹನ್ನೊಂದು ಮನೆಗಳಿಗೂ ಗಡಿಯಾರ ಗಿರಣಿಯೇ. ಸೋಮವಾರ ಗಿರಣಿ ಬಂದ್. ರೇವವ್ವನಿಗೇನೋ ಕೆಮ್ಮಲು ಗಂಡನಿದ್ದ, ಉಳಿದವರಿಗೆ?

"ಕೆಮ್ಮಿಕೋತ ಓಣಿ ತುಂಬ ಒಂದು ಸುತ್ತು ಹಾಕಿಬಿಡೋ," ಎಂದಳು ಶೆಟ್ಟೆವ್ವ.

ಒಂದು ಸೋಮವಾರ ಅದೂ ಆಯಿತು. ಸೋಮನಿಂಗ ಮನೆಮನೆಯ ಮುಂದೆ ನಿಂತು ಕೆಮ್ಮಿದ. ಓಣಿ ಮುಗಿಯುವಷ್ಟರಲ್ಲಿ ಇಬ್ಬರು ಅವನಿಗೆ ಕಷಾಯ ಹೇಳಿದರು, ಒಬ್ಬರು ತಾಯತ ಹೇಳಿದರು, ಗುರಪ್ಪ ಚಹಾ ಕೊಡುವಾಗ ಬೇರೆ ಲೋಟ ಹುಡುಕಿದ. ಹಿಟ್ಟಿನವನಿಗೆ ಕ್ಷಯವಂತೆ ಎಂಬ ಸುದ್ದಿ ಹಬ್ಬಿ, ಮಂಗಳವಾರ ಗಿರಣಿಗೆ ಅರ್ಧಕ್ಕರ್ಧ ಬುಟ್ಟಿಗಳು ಬರಲಿಲ್ಲ.

ಆಗ ಕಾಶಿಬಾಯಿಯ ಮುಂದಾಳತ್ವದಲ್ಲಿ ಅತ್ತೆಯರ ದಂಡು ಗಿರಣಿಗೆ ಬಂತು.

"ಸೋಮವಾರನೂ ಚಾಲೂ ಮಾಡು."

"ಸೋಮವಾರ ಕಲ್ಲು ಬಿಚ್ಚಿರ್ತೇನಿ ಕಾಕೂ. ಬೀಸಾಕ ಬರೂದಿಲ್ಲ."

"ಬೀಸು ಅಂತ ಯಾರು ಅಂದ್ರು? ಪಟ್ಟಾ ಕಳಚಿ ಬರೇ ಇಂಜಿನ್ ತಿರುವು. ನಮಗ ಸಪ್ಪಳ ಆದ್ರ ಆತು."

"ಬಸವಣ್ಣನ ವಾರ..."

"ಬಸವಣ್ಣಗ ನಾವು ಹೇಳ್ಕೋತೇವಿ. ಅಂವ ನಿನ್ನಂಗ ಹಟಮಾರಿ ಅಲ್ಲ."

ಡೀಸಲ್ಲಿಗೆ ಬರಗಾಲವಿದ್ದ ವರ್ಷ ಅದು. ಕ್ಯಾನು ಹಿಡಿದು ಬಾಗೇವಾಡಿಯಲ್ಲಿ ಪಾಳಿ ಹಚ್ಚಬೇಕು. ಆದರೂ ಸೋಮನಿಂಗ ಒಪ್ಪಿದ. ಸೋಮವಾರ ಆರೂವರೆಗೆ, ಇಂಜಿನ್ನಿನಿಂದ ಕಲ್ಲಿಗೆ ಹೋಗುವ ಪಟ್ಟಾ ಕಳಚಿ, ಕಲ್ಲುಗಳನ್ನು ಮಲಗಲು ಬಿಟ್ಟು, ಬರಿಯ ಇಂಜಿನ್ನನ್ನು ಐದು ನಿಮಿಷ ಪುಕ್ ಪುಕ್ ಎನ್ನಿಸಿ ಆರಿಸತೊಡಗಿದ. ಹಿಟ್ಟಿಲ್ಲ, ಕಾಳಿಲ್ಲ, ಗಿರಾಕಿಯಿಲ್ಲ. ಡೀಸಲ್ ಸಿಗದೆ ಪಂಪು ನಿಂತ ರೈತರಿಗೆ ಈ ಸಪ್ಪಳ ಕೇಳಿ ಹೊಟ್ಟೆ ಉರಿಯಿತು. ಯಾರೋ ಪುಣ್ಯಾತ್ಮರು ಹೆಸರಿಲ್ಲದ ಅರ್ಜಿಯೊಂದನ್ನು ಬರೆದರು. ಸರಕಾರಕ್ಕೆ ಕೊಡಬೇಕಾದ ಲೆವಿ ಜೋಳವನ್ನು ಸೋಮನಿಂಗನೆಂಬುವನು ರಜೆಯ ದಿನ ಕದ್ದು ಬೀಸಿ ಮಾರುತ್ತಾನೆ ಎಂದು.

ಮುಂದಿನ ಸೋಮವಾರ ಲೆವಿ ಇನ್ಸ್‌ಪೆಕ್ಟರ್ ಯಂಕಪ್ಪನವರು ಸಂಜೆಯ ಬಸ್ಸಿಗೆ ಬಂದಿಳಿದರು. ಗುರಪ್ಪನ ಅಂಗಡಿಯಲ್ಲಿ ಎರಡು ಚಹಾ ಕುಡಿದು, ಬಾಗಿಲ ಮರೆಯಲ್ಲಿ ಕಾದರು. ಆರೂವರೆಗೆ ಸೋಮನಿಂಗ ಹ್ಯಾಂಡಲ್ಲಿಗೆ ಕೈ ಹಾಕಿದ್ದೇ ತಡ, ಒಳಗೆ ನುಗ್ಗಿ ಅವನ ಕೈ ಹಿಡಿದರು.

"ಏನ್ ಬೀಸಾವದೀ?"

"ಏನೂ ಇಲ್ರಿ ಸಾಹೇಬ್ರ."

"ಏನೂ ಇಲ್ಲದ್ದನ್ನ ಬೀಸಿದ್ರ ಏನ್ ಬರ್ತೈತಿ?"

ಸೋಮನಿಂಗ ಮುಲ್ಕಿಯಲ್ಲಿ ಇಂಥ ಪ್ರಶ್ನೆ ನೋಡಿರಲಿಲ್ಲ. "ಏನೂ ಬರೂದಿಲ್ರಿ," ಎಂದ.

"ಮತ್ತ ಇಂಜಿನ್ ಯಾಕ?"

"ಸಪ್ಪಳಕ್ಕರಿ."

"ದೇಶದಾಗ ಡೀಸಲ್ ಇಲ್ಲ, ಇಂವ ಸಪ್ಪಳಕ್ಕ ಸುಡತಾನ!" ಇನ್ಸ್‌ಪೆಕ್ಟರರು ಚೀಲಗಳ ಕೋಣೆಗೆ ಹೋಗಿ ಒಂದೊಂದನ್ನೂ ಒದ್ದು ನೋಡಿದರು. ಬರಿಚೀಲಗಳಿಂದ ಹಳೆಯ ಹಿಟ್ಟು ಹಾರಿ, ಹೊರಬರುವಾಗ ಅವರೂ ಸೋಮನಿಂಗನಷ್ಟೇ ಬೆಳ್ಳಗಾಗಿದ್ದರು. "ಜ್ವಾಳ ಎಲ್ಲಿ ಮುಚ್ಚೀದಿ? ಹೇಳು. ಇಲ್ಲಾಂದ್ರ ಈಗ ಗಿರಣಿಗೆ ಸೀಲ್ ಹಾಕ್ತೇನಿ." ಚೀಲದಿಂದ ಅರಗು, ಬಟ್ಟೆ, ಬೆಂಕಿಪೆಟ್ಟಿಗೆ ಹೊರಬಂದವು.

ಅತ್ತ ರೇವವ್ವನೂ ಸೇರಿ ಹನ್ನೆರಡು ಮನೆಗಳಲ್ಲಿ ಹನ್ನೆರಡು ಸೊಸೆಯರು ಅಂಗೈಯಲ್ಲಿ ಗುಳಿಗೆ ಹಿಡಿದು ಕುಳಿತಿದ್ದರು. ಪುಕ್ ಎನ್ನಲಿಲ್ಲ. ದೀಪ ಹಚ್ಚಿ ಹೊತ್ತಾಯಿತು, ಪುಕ್ ಎನ್ನಲಿಲ್ಲ. ಕಾಶಿಬಾಯಿ ಹೊರಗೆ ಬಂದು ಆಕಾಶ ನೋಡಿದಳು. ಒಬ್ಬೊಬ್ಬರಾಗಿ ಎಲ್ಲರೂ ಬಂದರು. ಅತ್ತೆಯರ ಕೈಯಲ್ಲಿ ನೀರಿನ ಚರಿಗೆ, ಸೊಸೆಯರ ಮುಷ್ಟಿಯಲ್ಲಿ ಗುಳಿಗೆ, ಅವರ ಹಿಂದೆ ಅರ್ಧ ಊರು. ಗಿರಣಿಯ ಮುಂದೆ ಜಾತ್ರೆ ನೆರೆಯಿತು. ಸುದ್ದಿ ಕೇಳಿ ಪೀರಬಿಯೂ ಓಡಿಬಂದಳು.

"ಯಾಕೋ, ಇನ್ನೂ ಚಾಲೂ ಮಾಡಿಲ್ಲ?" ಎಂದಳು ಶೆಟ್ಟೆವ್ವ.

"ಇನ್ನ ಮ್ಯಾಲ ಮಾಡೂದಿಲ್ಲವ್ವಾ ಅಂವ," ಎಂದು ಇನ್ಸ್‌ಪೆಕ್ಟರರು ಕಡ್ಡಿ ಗೀರಿದರು.

ಸೋಮನಿಂಗ ಗುಂಪಿನ ಕಡೆ ನೋಡಿದ. ಮುಂದೆಯೇ ರೇವವ್ವ ನಿಂತಿದ್ದಳು. ಮುಖದಲ್ಲಿ ಇನ್ನೂ ಪೂರಾ ರಕ್ತ ತುಂಬಿರಲಿಲ್ಲ. ಮುಷ್ಟಿ ಬಿಗಿಯಾಗಿತ್ತು. ಗಿರಣಿಗೆ ಸೀಲ್ ಬಿದ್ದರೆ ನಾಳೆ ಸಪ್ಪಳವಿಲ್ಲ, ನಾಡಿದ್ದೂ ಇಲ್ಲ. ಹಿಂದೆ ಗುರಪ್ಪ ನಿಂತಿದ್ದ, ಹೇಳಿಟ್ಟ ತೊಟ್ಟಿಲಿನ ಒಡೆಯ. ಸೋಮನಿಂಗನ ಹೊಟ್ಟೆಯಲ್ಲಿ ಮೂರು ತಿಂಗಳಿಂದ ಕೂಡಿಟ್ಟದ್ದೆಲ್ಲ ಒಮ್ಮೆಗೇ ಮೇಲೆ ಬಂತು. ಇಂಜಿನ್ನು ನಿಂತಿತ್ತು. ಅವನ ಜೀವಮಾನದಲ್ಲಿ ಮೊದಲ ಸಲ ಅವನ ಮಾತು ಇಡೀ ಊರಿಗೆ ಕೇಳಿಸಿತು.

"ಸಾಹೇಬ್ರ, ಲೆವಿನೂ ಇಲ್ಲ, ಜ್ವಾಳನೂ ಇಲ್ಲ! ಈ ಸಪ್ಪಳ ಗುಳಿಗಿ ನುಂಗಾಕ! ಅದು ಗಂಡು ಹುಟ್ಟೂ ಗುಳಿಗಿ ಅಲ್ಲ, ಏನೂ ಹುಟ್ಟಲಾರದ ಗುಳಿಗಿ! ನನ್ನ ಹೆಂಡ್ತಿ ಸಾಯಬಾರದು ಅಂತ ತಂದ್ನಿ. ಅವ್ವಗ ಅಂಜಿ ಸುಳ್ಳು ಹೇಳಿದ್ನಿ. ಇವ್ರೆಲ್ಲಾ ಅದನ್ನ ನಂಬ್ಯಾರ. ಎಲ್ಲಾರ ಪಾಪ ನನ್ನ ತಲಿ ಮ್ಯಾಲ ಐತಿ. ಗಿರಣಿ ಬ್ಯಾಡ, ನನಗೇ ಸೀಲ್ ಹಾಕ್ರಿ!"

ಇನ್ಸ್‌ಪೆಕ್ಟರರ ಕೈಯ ಕಡ್ಡಿ ಉರಿದು ಬೆರಳು ಸುಟ್ಟಿತು. ಸೋಮನಿಂಗ ಕಣ್ಣು ಮುಚ್ಚಿ ಮೊದಲ ಏಟಿಗೆ ಕಾದ.

ಏಟು ಬೀಳಲಿಲ್ಲ. ಕಾಶಿಬಾಯಿ ಹಣೆ ಬಡಿದುಕೊಂಡ ಸಪ್ಪಳ ಕೇಳಿಸಿತು.

"ಯಕ್ಕಾ, ನಿನ್ನ ಮಗ ಎಲ್ಲಾ ಹೇಳಿಬಿಟ್ನಲ್ಲ!"

"ನಾ ಏನ್ ಮಾಡಲೆವ್ವಾ," ಎಂದಳು ಶೆಟ್ಟೆವ್ವ. "ಮುಲ್ಕಿ ಪಾಸಾಗ್ಯಾನ. ಹೊಟ್ಟ್ಯಾಗ ಮಾತು ನಿಂದ್ರೂದಿಲ್ಲ."

ಸೋಮನಿಂಗ ಒಂದು ಕಣ್ಣು ತೆರೆದ. ಹನ್ನೊಂದು ಸೊಸೆಯರು ಸೆರಗು ಬಾಯಿಗೆ ಒತ್ತಿಕೊಂಡು ನಗು ತಡೆಯುತ್ತಿದ್ದರು. ಪೀರಬಿ ಮಾಳಿಗೆಯ ಜಂತಿ ಎಣಿಸುತ್ತಿದ್ದಳು.

"ನಿನಗ ಗೊತ್ತಿತ್ತೇನವ್ವಾ?"

"ಗ್ವಾಡಿ ಮ್ಯಾಲಿನ ಕೆಂಪು ಚಿತ್ರಾನ ಆ ಪುಡಕಿ ಮ್ಯಾಲೂ ಇತ್ತಲ್ಲೋ. ನನಗ ಅಕ್ಷರ ಬರೂದಿಲ್ಲ, ಕಣ್ಣು ಕಾಣ್ತಾವ."

"ಮತ್ತ ಒಂದು ಮಾತು ಹೇಳಬಾರದಿತ್ತೇನು?"

"ಹ್ಯಾಂಗ ಹೇಳಲಿ? ಆ ಮಾತು ನನ್ನ ಬಾಯಿಲೆ ಆಡಾಕ ಬರ್ತೈತೇನು?" ಶೆಟ್ಟೆವ್ವನ ದನಿ ಇಳಿಯಿತು. "ಅವತ್ತು ಚಕ್ಕಡ್ಯಾಗ ಅಕಿ ತಲಿ ನನ್ನ ತೊಡಿ ಮ್ಯಾಲಿತ್ತು. ಬಾಗೇವಾಡಿ ಬರೂತನಕ ಉಸರು ಐತೋ ಇಲ್ಲೋ ಅಂತ ಮೂಗಿನ ಹತ್ತರ ಬೆರಳ ಹಿಡದು ಕುಂತಿದ್ನಿ. ನನಗ ಮೊಮ್ಮಗ ಬೇಕೋ ಸೋಮ್ಯಾ, ಸುಳ್ಳು ಯಾಕ ಹೇಳ್ಲಿ. ಆದ್ರ ಮೊದಲ ಇಕಿ ಬೇಕು ನನಗ. ಹಂಗ ಅನ್ನಾಕ ಬಾಯಿ ಇರಲಿಲ್ಲ. ನೀ ಒಂದು ಸುಳ್ಳು ತಂದುಕೊಟ್ಟಿ, ಚಲೋ ಆತು ಅಂತ ಇಟಗೊಂಡ್ನಿ. ಕಾಶಿನೂ ಹಂಗ ಇಟಗೊಂಡ್ಳು. ಎಲ್ಲಾರೂ ಹಂಗ ಇಟಗೊಂಡ್ರು."

ರೇವವ್ವ ಅತ್ತೆಯ ತೋಳು ಹಿಡಿದುಕೊಂಡಳು. ಸೋಮನಿಂಗನ ಹಿಟ್ಟು ಮೆತ್ತಿದ ಕೆನ್ನೆಯ ಮೇಲೆ ಎರಡು ಕರಿಯ ಗೆರೆ ಇಳಿದವು.

ಊರಿನಲ್ಲಿ ನಿಜವಾಗಿಯೂ ಏನೂ ಗೊತ್ತಿರದೆ ಇದ್ದವರು ಗಂಡಸರು ಮಾತ್ರ. ಅವರ ಪರವಾಗಿ ಗುರಪ್ಪ ಮಾತಾಡಿದ.

"ಅಂದ್ರ, ನನ್ನ ಅಮೋಘಸಿದ್ಧ?"

"ಮನ್ಯಾಗ ನಾಕು ಅದಾವಲ್ಲ, ಅವು ಮಕ್ಕಳಲ್ಲೇನು?" ಎಂದಳು ಕಂಬದ ಹಿಂದಿನಿಂದ ಚನ್ನವ್ವ. ಹತ್ತು ವರ್ಷದ ಸಂಸಾರದಲ್ಲಿ ಅವಳು ನಾಲ್ಕು ಜನರ ಮುಂದೆ ಗಂಡನಿಗೆ ಎದುರು ಮಾತಾಡಿದ್ದು ಅದೇ ಮೊದಲು.

"ತೊಟ್ಟಿಲಾ ಏನ್ ಮಾಡ್ಲೆವ್ವಾ?" ಗುರಪ್ಪ ತಾಯಿಯ ಕಡೆ ತಿರುಗಿದ.

"ಉಳ್ಳಾಗಡ್ಡಿ ತುಂಬಿಡು," ಎಂದಳು ಕಾಶಿಬಾಯಿ. "ಹೆಸರು ಎಮ್ಮಿಕರಕ್ಕ ಇಡು."

ಗುರಪ್ಪ ಮೆಟ್ಟಿಲ ಮೇಲೆ ಕುಸಿದು ಕುಳಿತ. ಸ್ವಲ್ಪ ಹೊತ್ತಿಗೆ ಅವನ ಕಿರಿಯ ಮಗಳು ಬಂದು ಹೆಗಲೇರಿದಳು. ಅವನು ಅವಳನ್ನು ಇಳಿಸಲಿಲ್ಲ.

ಈಗ ಎಲ್ಲರ ಕಣ್ಣೂ ಇನ್ಸ್‌ಪೆಕ್ಟರರ ಮೇಲೆ. ಯಂಕಪ್ಪನವರು ಕರ್ಚೀಫಿನಿಂದ ಮುಖದ ಹಿಟ್ಟು ಒರೆಸಿಕೊಂಡು ಡೈರಿ ತೆಗೆದರು. "ಯಂತ್ರದ ತಪಾಸಣೆಗಾಗಿ ಐದು ನಿಮಿಷ ತಿರುಗಿಸಲಾಗುತ್ತದೆ, ಧಾನ್ಯ ಸಿಕ್ಕಿಲ್ಲ," ಎಂದು ಗಟ್ಟಿಯಾಗಿ ಓದುತ್ತ ಬರೆದರು. ಅರಗು ಚೀಲಕ್ಕೆ ಹೋಯಿತು. ಆಮೇಲೆ ಪೀರಬಿಯ ಹತ್ತಿರ ಸರಿದು, ದನಿ ತಗ್ಗಿಸಿ ಕೇಳಿದರು.

"ಬಾಯಾರ, ಈ ಸಪ್ಪಳ ಬಾಗೇವಾಡಿ ತನಕ ಕೇಳ್ತೈತೇನ್ರಿ?"

"ಇಲ್ರಿ ಸಾಹೇಬ್ರ. ಎಷ್ಟು ಮಕ್ಕಳು ನಿಮಗ?"

"ಐದು."

"ಬಾಗೇವಾಡ್ಯಾಗ ಬೇರೆ ಗಿರಣಿ ಐತಲ್ರಿ," ಎಂದಳು ಪೀರಬಿ. "ಮನಿಯವರನ್ನ ದವಾಖಾನಿಗಿ ಕಳಸ್ರಿ."

"ಮಾತು ಬ್ಯಾಡ, ಹೊತ್ತಾತು, ತಿರುವೋ!" ಎಂದು ಶೆಟ್ಟೆವ್ವ ಗದರಿದಳು. ಸೋಮನಿಂಗ ಮೈಯ ಬಲವೆಲ್ಲ ಹಾಕಿ ಹ್ಯಾಂಡಲ್ ತಿರುವಿದ. ಪುಕ್. ಪುಕ್ ಪುಕ್. ಹನ್ನೆರಡು ಮುಷ್ಟಿಗಳು ಬಿಚ್ಚಿಕೊಂಡವು, ಹನ್ನೆರಡು ಚರಿಗೆಗಳು ಎದ್ದವು. ರೇವವ್ವ ನುಂಗಿ, ಅತ್ತೆಯ ಕಡೆ ತಿರುಗಿ, ಅಭ್ಯಾಸದಂತೆ ಬಾಯಿ ತೆರೆದು ತೋರಿಸಿದಳು. ಸೋಮನಿಂಗ ಅವಳ ಕಡೆ ನೋಡಿ ಏನೋ ಹೇಳಿದ. ಇಂಜಿನ್ನಿನ ಸಪ್ಪಳದಲ್ಲಿ ಅದು ಕೇಳಿಸಲಿಲ್ಲ. ಆದರೆ ಈ ಸಲ ಅವಳು ಅವನ ತುಟಿಗಳನ್ನು ನೋಡುತ್ತಿದ್ದಳು. ಮುಖ ಕೆಂಪಾಗಿ ಬೇರೆ ಕಡೆ ತಿರುಗಿದಳು.

ಐದು ನಿಮಿಷಕ್ಕೆ ಇಂಜಿನ್ನು ನಿಂತಿತು. ಊರಿಗೆ ಬಂದ ಸಾಹೇಬರನ್ನು ಹಾಗೇ ಕಳಿಸಲಾದೀತೇ? ಗುರಪ್ಪ ಚಹಾಕ್ಕೆ ಎದ್ದ. ಈ ಗದ್ದಲದಲ್ಲಿ ಅವನ ಒಲೆ ಆರಿಹೋಗಿತ್ತು, ಕುಳ್ಳೂ ಉಳಿದಿರಲಿಲ್ಲ.

"ಕುಳ್ಳು ತುಂಬ್ಯಾವಬೇ," ಎಂದ ಅವನು, ಶೆಟ್ಟೆವ್ವನ ಮುಂದೆ 'ಇಲ್ಲ' ಎನ್ನಲಾಗದೆ.

ಶೆಟ್ಟೆವ್ವ ಗಿರಣಿಯ ಗೋಡೆಯ ಹತ್ತಿರ ಹೋದಳು. ಕಂದೀಲು ಹಿಡಿದ ಇನ್ಸ್‌ಪೆಕ್ಟರರು ಸರಕಾರದ ಬರಹ ಕಂಡು ಅಭ್ಯಾಸಬಲದಿಂದ ಓದತೊಡಗಿದ್ದರು.

"ಎರಡು ಅಥವಾ ಮೂರು ಮಕ್ಕಳು..." ಎಂದು ಅಲ್ಲಿಗೇ ನಿಂತರು. ಮುಂದೆ ಕುಳ್ಳು.

ಶೆಟ್ಟೆವ್ವ ಕೈಯೆತ್ತಿ, ನಾಲ್ಕು ತಿಂಗಳಿಂದ ಗೋಡೆ ಕಚ್ಚಿಕೊಂಡಿದ್ದ ಆ ಕುಳ್ಳನ್ನು ಚಟ್ಟನೆ ಕಿತ್ತಳು. ಅಕ್ಷರ ಸ್ವಲ್ಪ ಕಂದಿತ್ತು, ಆದರೆ ಓದಲು ಬರುವಂತಿತ್ತು.

"ಪೂರಾ ಓದ್ರಿ ಸಾಹೇಬ್ರ."

"ಸಾಕು," ಎಂದು ಓದಿದರು ಯಂಕಪ್ಪನವರು.

"ಎಲ್ಲಾರೂ ಕೇಳಿದ್ರೆಲ್ಲ? ಸಾಹೇಬ್ರು ಅಂದಾರ, ನಾ ಅಂದಿಲ್ಲ," ಎಂದು ಶೆಟ್ಟೆವ್ವ ಕುಳ್ಳು ಮುರಿಯುತ್ತ ಒಲೆಯ ಕಡೆ ನಡೆದಳು.